ಬೆಳಗೊಳದಿಂದ ಶಿಖರ್ಜಿಗೆ ‘ಎರಡು ಗಂಟೆ’: ಆ ಲೆಕ್ಕ ಎಲ್ಲಿಂದ ಬರುತ್ತದೆ?



ಚಳಿಗಾಲ ಹತ್ತಿರ ಬಂತೆಂದರೆ ಸಮ್ಮೇದ ಶಿಖರ್ಜಿ ಯಾತ್ರೆಯ ವಿಚಾರಣೆ ಶುರುವಾಗುತ್ತದೆ. ನಮ್ಮ ಕಡೆಯ ಯಾತ್ರಾ ತಂಡಗಳ ಜೊತೆ ಓಡಾಡಿ ಅಭ್ಯಾಸವಿರುವುದರಿಂದ ಅಂಗಡಿಯಲ್ಲಿ ಕುಳಿತಿದ್ದಾಗಲೂ ಫೋನ್ ಬರುತ್ತಲೇ ಇರುತ್ತದೆ. ಮೊದಲೆಲ್ಲ “ಎಷ್ಟು ದಿನ ಬೇಕು?” ಎಂದು ಕೇಳುತ್ತಿದ್ದರು. ಈಗ ಹಾಗೆ ಕೇಳುವವರು ಕಡಿಮೆ. ಮೊಬೈಲ್‌ನಲ್ಲಿ ನೋಡಿಕೊಂಡೇ ಮಾತು ಆರಂಭಿಸುತ್ತಾರೆ: “ಶ್ರವಣಬೆಳಗೊಳದಿಂದ ಮಧುಬನಕ್ಕೆ 1600 ಕಿಲೋಮೀಟರ್, ವಿಮಾನದಲ್ಲಿ ಎರಡು ಗಂಟೆ ಅಂತ ತೋರಿಸ್ತಿದೆ, ಬೆಳಿಗ್ಗೆ ಹೊರಟು ಮಧ್ಯಾಹ್ನಕ್ಕೆ ಮುಟ್ಟಬಹುದಲ್ವಾ?”

ಮುಟ್ಟಲಾಗುವುದಿಲ್ಲ. ಆದರೆ ಆ ಎರಡು ಅಂಕಿಗಳು ಸುಳ್ಳೂ ಅಲ್ಲ. ಅವು ಏನನ್ನು ಹೇಳುತ್ತವೆ, ಏನನ್ನು ಹೇಳುವುದಿಲ್ಲ ಎಂದು ಬಿಡಿಸಿ ಬರೆಯೋಣವೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಇದರಿಂದ ಒಬ್ಬ ಹಿರಿಯ ಶ್ರಾವಿಕೆಯ ಯಾತ್ರೆಯೇ ಕೆಟ್ಟದ್ದನ್ನು ಕಣ್ಣಾರೆ ನೋಡಿದ್ದೇನೆ. ಅದನ್ನು ಮುಂದೆ ಹೇಳುತ್ತೇನೆ, ಮೊದಲು ಲೆಕ್ಕ.

ಎರಡು ಊರಿನ ಹೆಸರು ಹಾಕಿದರೆ ದೂರ ಹೇಳುವ ಜಾಲತಾಣಗಳು ಬಹಳ ಇವೆ. ಅವು ಯಾವ ರಸ್ತೆಯನ್ನೂ ಅಳೆಯುವುದಿಲ್ಲ, ಯಾವ ವಿಮಾನದ ವೇಳಾಪಟ್ಟಿಯನ್ನೂ ನೋಡುವುದಿಲ್ಲ. ಎರಡೂ ಊರುಗಳ ಅಕ್ಷಾಂಶ ರೇಖಾಂಶ ತೆಗೆದುಕೊಂಡು ಭೂಮಿಯ ಮೈಮೇಲೆ ನೇರವಾಗಿ ದಾರ ಎಳೆದರೆ ಎಷ್ಟು ಉದ್ದವಾಗುತ್ತದೆ ಎಂದು ಸೂತ್ರ ಹಾಕಿ ಹೇಳುತ್ತವೆ, ಅಷ್ಟೇ. ಇದನ್ನು ಕಾಗದ ಪೆನ್ಸಿಲ್ ಹಿಡಿದು ನಾವೂ ಮಾಡಬಹುದು. ಶ್ರವಣಬೆಳಗೊಳ ಇರುವುದು ಹೆಚ್ಚುಕಡಿಮೆ ಉತ್ತರ ಅಕ್ಷಾಂಶ 12.9 ಡಿಗ್ರಿ, ಪೂರ್ವ ರೇಖಾಂಶ 76.5 ಡಿಗ್ರಿಯಲ್ಲಿ. ಪಾರಸನಾಥ ಬೆಟ್ಟ 24 ಡಿಗ್ರಿ, 86.1 ಡಿಗ್ರಿಯಲ್ಲಿ. ಉತ್ತರ ದಕ್ಷಿಣವಾಗಿ ವ್ಯತ್ಯಾಸ 11.1 ಡಿಗ್ರಿ. ಒಂದು ಡಿಗ್ರಿಗೆ 111 ಕಿ.ಮೀ. ಹಿಡಿದರೆ ಸುಮಾರು 1230 ಕಿ.ಮೀ. ಪೂರ್ವ ಪಶ್ಚಿಮವಾಗಿ 9.6 ಡಿಗ್ರಿ. ಉತ್ತರಕ್ಕೆ ಹೋದಂತೆ ರೇಖಾಂಶಗಳು ಹತ್ತಿರವಾಗುವುದರಿಂದ ಇಲ್ಲಿ ಡಿಗ್ರಿಗೆ 105ರ ಸುಮಾರು ಹಿಡಿಯಬೇಕು, ಅಂದರೆ 1010 ಕಿ.ಮೀ. ಶಾಲೆಯಲ್ಲಿ ಕಲಿತ ಲಂಬಕೋನ ತ್ರಿಭುಜದ ಲೆಕ್ಕ ಹಾಕಿದರೆ ಕರ್ಣ 1600ಕ್ಕೆ ಹತ್ತಿರ ಬರುತ್ತದೆ. ಜಾಲತಾಣ ಹೇಳುವುದೂ ಅದನ್ನೇ.

ಇನ್ನು ಎರಡು ಗಂಟೆ. ಜೆಟ್ ವಿಮಾನ ಮೇಲೇರಿದ ಮೇಲೆ ಗಂಟೆಗೆ 800 ಕಿ.ಮೀ. ಅಥವಾ ಇನ್ನೂ ಸ್ವಲ್ಪ ಹೆಚ್ಚು ವೇಗದಲ್ಲಿ ಹೋಗುತ್ತದೆ. 1600ನ್ನು 800ರಿಂದ ಭಾಗಿಸಿ. ಆಯಿತು ಎರಡು ಗಂಟೆ. ಬೆಳಗೊಳದಲ್ಲಿ ವಿಮಾನ ನಿಲ್ದಾಣ ಇದೆಯೇ, ಮಧುಬನದಲ್ಲಿ ಇದೆಯೇ ಎಂದು ಆ ಯಂತ್ರ ಕೇಳುವುದೇ ಇಲ್ಲ. ಎರಡೂ ಕಡೆ ಇಲ್ಲ. ವಿಂಧ್ಯಗಿರಿಯ ಮೇಲಿಂದ ಹಾರಿ ಪಾರಸನಾಥನ ಟೋಂಕಿನ ಮೇಲೆ ಇಳಿಯುವ ವಿದ್ಯಾಧರರಿಗೆ ಆ ಲೆಕ್ಕ ಸರಿ, ನಮಗಲ್ಲ.

ನಾನು ಕೊಬ್ಬರಿ ವ್ಯಾಪಾರಿ. ಮಂಡಿಯಲ್ಲಿ ಕೂಗುವ ದರ ಬೇರೆ, ಮಾಲು ಗೋದಾಮಿಗೆ ಬಂದು ಬೀಳುವಾಗಿನ ದರ ಬೇರೆ. ಹಮಾಲಿ, ಚೀಲ, ಕಮಿಷನ್, ಲಾರಿ ಬಾಡಿಗೆ, ದಾರಿಯಲ್ಲಿ ಒಣಗಿ ಕಡಿಮೆಯಾಗುವ ತೂಕ, ಎಲ್ಲ ಸೇರಿದ ಮೇಲೆ ನಿಜವಾದ ದರ ಗೊತ್ತಾಗುವುದು. ‘1600 ಕಿ.ಮೀ., 2 ಗಂಟೆ’ ಎನ್ನುವುದು ಮಂಡಿಯ ಕೂಗು. ಬಂದು ಬೀಳುವ ದರವನ್ನು ನಾವೇ ಹಾಕಿಕೊಳ್ಳಬೇಕು.

ಹಾಕೋಣ. ಬೆಳಗೊಳದಿಂದ ಬೆಂಗಳೂರು ಕೆಂಪೇಗೌಡ ನಿಲ್ದಾಣ ರಸ್ತೆಯಲ್ಲಿ ಸುಮಾರು 170 ಕಿ.ಮೀ. ನೆಲಮಂಗಲದ ತನಕ ಚೆನ್ನಾಗಿಯೇ ಹೋಗುತ್ತೇವೆ, ಆಮೇಲಿನ ದಟ್ಟಣೆಗೆ ಯಾರೂ ಜವಾಬ್ದಾರರಲ್ಲ. ನಾಲ್ಕು ಗಂಟೆ ಇಟ್ಟುಕೊಳ್ಳುವುದು ಕ್ಷೇಮ. ನಿಲ್ದಾಣದಲ್ಲಿ ಎರಡು ಗಂಟೆ ಮೊದಲು ಇರಬೇಕು. ವಯಸ್ಸಾದವರಿಗೆ ಗಾಲಿಕುರ್ಚಿ ಬೇಕಿದ್ದರಂತೂ ಅದಕ್ಕಿಂತ ಕಡಿಮೆ ಆಗದು. ಅಲ್ಲಿಂದ ರಾಂಚಿ. ಬೆಂಗಳೂರು ರಾಂಚಿ ನಡುವೆ ನೇರ ಗೆರೆ 1380 ಕಿ.ಮೀ. ಆಸುಪಾಸು. ಅದೇ 800ರ ಲೆಕ್ಕದಲ್ಲಿ ಒಂದೂಮುಕ್ಕಾಲು ಗಂಟೆಯಾಗಬೇಕು. ಆದರೆ ಟಿಕೆಟ್ಟಿನಲ್ಲಿ ಸುಮಾರು ಎರಡೂವರೆ ಗಂಟೆ ಇರುತ್ತದೆ. ಏಕೆಂದರೆ ವಿಮಾನ ಕಂಪನಿ ಬರೆಯುವುದು ಹಾರುವ ಸಮಯವನ್ನಲ್ಲ. ಈ ನಿಲ್ದಾಣದಲ್ಲಿ ನಿಂತ ಜಾಗದಿಂದ ಕದಲಿ ಆ ನಿಲ್ದಾಣದಲ್ಲಿ ಮತ್ತೆ ನಿಲ್ಲುವ ತನಕದ ಪೂರ್ತಿ ಸಮಯವನ್ನು. ರನ್‌ವೇ ತನಕ ಸಾಲಿನಲ್ಲಿ ಹೋಗುವುದು, ಮೇಲೇರುವಾಗ ಮತ್ತು ಇಳಿಯುವಾಗ ವೇಗ ಕಡಿಮೆ ಇರುವುದು, ಆಕಾಶದಲ್ಲಿಯೂ ನಿಗದಿಯಾದ ಮಾರ್ಗದಲ್ಲೇ ಹೋಗಬೇಕಾಗಿರುವುದು, ಎಲ್ಲ ಅದರಲ್ಲಿ ಸೇರಿದೆ. ದಾರಿಯಲ್ಲಿ ಬದಲಿಸಿ ಎಟಿಆರ್ ಎಂಬ ಪಂಖದ ಸಣ್ಣ ವಿಮಾನ ಹತ್ತಬೇಕಾಗಿ ಬಂದರೆ ಅದರ ವೇಗವೇ ಗಂಟೆಗೆ 500 ಕಿ.ಮೀ. ಸುಮಾರು.

ರಾಂಚಿಯಲ್ಲಿ ಇಳಿದು ಸಾಮಾನು ಕೈಗೆ ಬಂದು ಗಾಡಿ ಹತ್ತುವಷ್ಟರಲ್ಲಿ ಮುಕ್ಕಾಲು ಗಂಟೆ. ರಾಂಚಿಯಿಂದ ಮಧುಬನ ನಕ್ಷೆಯ ಮೇಲೆ ಗೆರೆ ಎಳೆದರೆ 110 ಕಿ.ಮೀ.ಗೆ ಸ್ವಲ್ಪ ಮೇಲೆ. ರಸ್ತೆಯಲ್ಲಿ ಬೊಕಾರೊ ಕಡೆಯಿಂದ ಹೋದರೆ 160ರ ಸುಮಾರು, ರಾಮಗಢ, ಹಜಾರಿಬಾಗ್, ಬಗೋದರ್, ಡುಮ್ರಿ ಮೇಲೆ ಹೋದರೆ 190ರ ಸುಮಾರು. ಎರಡನೆಯದು ಉದ್ದವಾದರೂ ದೊಡ್ಡ ಹೆದ್ದಾರಿಯಾದ್ದರಿಂದ ಚಾಲಕರು ಅದನ್ನೇ ಹಿಡಿಯುವುದುಂಟು. ನಾಲ್ಕೂವರೆಯಿಂದ ಐದು ಗಂಟೆ. ಈಗ ಕೂಡಿ: ನಾಲ್ಕು, ಎರಡು, ಎರಡೂವರೆ, ಮುಕ್ಕಾಲು, ಐದು. ಹದಿನಾಲ್ಕು ಗಂಟೆ ದಾಟಿತು. ಇದರಲ್ಲಿ ಊಟ ಶೌಚಕ್ಕೆ ನಿಂತದ್ದು ಸೇರಿಲ್ಲ. ಡಿಸೆಂಬರ್ ಜನವರಿಯಲ್ಲಿ ರಾಂಚಿಯ ಕಡೆ ಮಂಜು ಕವಿದು ವಿಮಾನ ತಡವಾಗುವುದೂ ಸೇರಿಲ್ಲ.

ಈಗ ಆ ಅಮ್ಮನವರ ವಿಷಯ. ಕೆಲವು ವರ್ಷದ ಹಿಂದೆ ಡಿಸೆಂಬರ್‌ನಲ್ಲಿ ನಮ್ಮ ತಂಡ ರೈಲಿನಲ್ಲಿ ಹೊರಟಿತ್ತು. ಎಪ್ಪತ್ತು ದಾಟಿದ ಒಬ್ಬರು ಹಿರಿಯ ಶ್ರಾವಿಕೆ, ಅವರ ಮಗಳು ಮಾತ್ರ ವಿಮಾನದಲ್ಲಿ ಬಂದು ಮಧುಬನದಲ್ಲಿ ನಮ್ಮನ್ನು ಸೇರುವುದೆಂದಾಯಿತು. ಎರಡು ರಾತ್ರಿ ರೈಲಿನಲ್ಲಿ ಅಮ್ಮನಿಗೆ ಕಷ್ಟ ಎಂದು ಮಗಳ ಕಾಳಜಿ, ಅದು ಸರಿಯೇ. ಅಮ್ಮನವರದು ರಾತ್ರಿಭೋಜನ ತ್ಯಾಗ, ಸೂರ್ಯಾಸ್ತದ ನಂತರ ನೀರೂ ಇಲ್ಲ. ಮಗಳು ಜಾಲತಾಣದಲ್ಲಿ ‘ಎರಡು ಗಂಟೆ’ ನೋಡಿ ಮಧ್ಯಾಹ್ನ ಎರಡರ ಸುಮಾರಿನ ವಿಮಾನಕ್ಕೆ ಟಿಕೆಟ್ ಮಾಡಿದ್ದರು. ಐದು ಗಂಟೆಗೆ ತಲುಪಿ, ಅಲ್ಲಿನ ಭೋಜನಶಾಲೆಯಲ್ಲಿ ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸಬಹುದೆಂದು ಅವರ ಎಣಿಕೆ. ನಮ್ಮೂರಲ್ಲಿ ಆ ದಿನಗಳಲ್ಲಿ ಸೂರ್ಯ ಮುಳುಗುವುದು ಆರು ಗಂಟೆಗೆ ತಾನೇ.

ವಿಮಾನ ರಾಂಚಿಯಲ್ಲಿ ಇಳಿದದ್ದು ನಾಲ್ಕೂಮುಕ್ಕಾಲಿಗೆ. ಸಾಮಾನು ಬಂದು ಹೊರಗೆ ಕಾಲಿಡುವಾಗ ಕತ್ತಲು. ಅಮ್ಮನವರು ಬೆಳಿಗ್ಗೆ ಹತ್ತಕ್ಕೆ ಮನೆಯಲ್ಲಿ ಉಂಡದ್ದೇ ಕೊನೆ, ವಿಮಾನದಲ್ಲಿ ಒಂದಿಷ್ಟು ಬಿಸಿನೀರು ಕುಡಿದಿದ್ದರಂತೆ. ಮಧುಬನಕ್ಕೆ ಬಂದಾಗ ರಾತ್ರಿ ಹತ್ತೂವರೆ. ಮೂರು ಗಂಟೆಗೆ ಎಲ್ಲರೂ ಬೆಟ್ಟಕ್ಕೆ ಹೊರಡುವವರು. ನಾನು “ಅಮ್ಮಾ, ನಾಳೆ ಬೇಡಿ, ನಾಡಿದ್ದು ಡೋಲಿಯಲ್ಲಿ ಹೋಗಿ” ಎಂದೆ. “ನಾಡಿದ್ದು ಬೆಳಿಗ್ಗೆ ವಾಪಸ್ ಟಿಕೆಟ್ ಇದೆಯಲ್ಲಪ್ಪಾ” ಎಂದರು. ಡೋಲಿಯೂ ಬೇಡ, ನಡೆದೇ ವಂದನೆ ಮಾಡುವೆನೆಂದು ಹರಕೆ. ಗಂಧರ್ವ ನಾಲಾ ತನಕ ಬಂದರು. ಅಲ್ಲಿ ಕಲ್ಲಿನ ಮೇಲೆ ಕುಳಿತವರಿಗೆ ಏಳಲಾಗಲಿಲ್ಲ. ಸೂರ್ಯ ಹುಟ್ಟುವ ತನಕ ಬಾಯಿಗೆ ಒಂದು ಹನಿ ನೀರು ಹಾಕಿಕೊಳ್ಳಲಿಲ್ಲ. ಬೆಟ್ಟದ ಕಡೆಗೆ ಕೈ ಮುಗಿದು ಅಲ್ಲಿಂದಲೇ ಇಳಿದರು. ಮಗಳು ನನ್ನ ಹತ್ತಿರ ಬಂದು “ಅಂಕಲ್, ನೆಟ್‌ನಲ್ಲಿ ಎರಡೇ ಗಂಟೆ ಅಂತ ಇತ್ತು” ಎಂದಳು, ಮತ್ತೇನೂ ಹೇಳಲಿಲ್ಲ. ಮರುವರ್ಷ ಅಮ್ಮನವರಿಗೆ ಮಂಡಿಯ ಆಪರೇಷನ್ ಆಯಿತು. ಮತ್ತೆ ಶಿಖರ್ಜಿಗೆ ಹೋಗಲಾಗಲಿಲ್ಲ.

ತಪ್ಪು ನನ್ನದೂ ಇತ್ತು. ಟಿಕೆಟ್ ಮಾಡುವ ಮೊದಲು ಎಷ್ಟು ಗಂಟೆಯ ವಿಮಾನ ಎಂದು ನಾನು ಕೇಳಬೇಕಿತ್ತು, ಕೇಳಲಿಲ್ಲ. ಅಂದಿನಿಂದ ಕೇಳುತ್ತೇನೆ.

ಆ ಮಗಳು ಎಡವಿದ್ದು ಎರಡು ಕಡೆ. ಒಂದು ದೂರದ ಲೆಕ್ಕ. ಇನ್ನೊಂದು ಸೂರ್ಯನ ಲೆಕ್ಕ, ಇದನ್ನು ಯಾವ ಪ್ರವಾಸ ಪುಟವೂ ಹೇಳುವುದಿಲ್ಲ, ಆದರೆ ನಮ್ಮವರಿಗೆ ಇದೇ ಮುಖ್ಯ. ಭಾರತಕ್ಕೆಲ್ಲ ಒಂದೇ ಗಡಿಯಾರ. ಅದು ರೇಖಾಂಶ 82.5 ಡಿಗ್ರಿಯ ಪ್ರಕಾರ ನಡೆಯುತ್ತದೆ. ನಾವು ಅದರ ಪಶ್ಚಿಮಕ್ಕೆ, ಶಿಖರ್ಜಿ ಪೂರ್ವಕ್ಕೆ. ಒಂದು ಡಿಗ್ರಿಗೆ ಸೂರ್ಯನಿಗೆ 4 ನಿಮಿಷ. ನಮಗೂ ಅಲ್ಲಿಗೂ 9.6 ಡಿಗ್ರಿ ಅಂದರೆ 38 ನಿಮಿಷ ವ್ಯತ್ಯಾಸ. ಅಷ್ಟೇ ಆಗಿದ್ದರೆ ನೆನಪಿಡುವುದು ಸುಲಭವಿತ್ತು. ಆದರೆ ಚಳಿಗಾಲದಲ್ಲಿ ಉತ್ತರಕ್ಕೆ ಹೋದಷ್ಟೂ ಹಗಲು ಚಿಕ್ಕದು. ಡಿಸೆಂಬರ್ 21ರ ಸುಮಾರಿಗೆ ಬೆಳಗೊಳದಲ್ಲಿ ಸೂರ್ಯಾಸ್ತ ಸಂಜೆ 6 ಗಂಟೆ ಆಸುಪಾಸು, ಮಧುಬನದಲ್ಲಿ 5 ಗಂಟೆ ಆಸುಪಾಸು. ಪೂರಾ ಒಂದು ಗಂಟೆ ಮೊದಲು! ಬೆಳಿಗ್ಗೆಯಾದರೂ ಅದೇ ಪ್ರಮಾಣದಲ್ಲಿ ಬೇಗ ಹುಟ್ಟುತ್ತದೆಯೇ ಎಂದರೆ ಇಲ್ಲ, 20 ನಿಮಿಷದಷ್ಟು ಮಾತ್ರ ಬೇಗ. ಅಂದರೆ ಅಲ್ಲಿನ ಹಗಲು ನಮ್ಮ ಹಗಲಿಗಿಂತ ಸುಮಾರು 40 ನಿಮಿಷ ಕಡಿಮೆ. ಸೂರ್ಯಾಸ್ತಕ್ಕೆ ಎರಡು ಗಳಿಗೆ, ಅಂದರೆ 48 ನಿಮಿಷ ಮೊದಲೇ ಆಹಾರ ನಿಲ್ಲಿಸುವವರು ಅಲ್ಲಿ ನಾಲ್ಕೂ ಕಾಲರೊಳಗೆ ಮುಗಿಸಬೇಕು. ಬೇಸಿಗೆಯಲ್ಲಿ ಇದು ತಿರುಗುಮುರುಗು. ಜೂನ್ ಕೊನೆಯಲ್ಲಿ ಎರಡು ಊರಿನ ಸೂರ್ಯಾಸ್ತಕ್ಕೆ ಕಾಲು ಗಂಟೆಯಷ್ಟೇ ವ್ಯತ್ಯಾಸ.

ವಿಮಾನದಲ್ಲಿ ಕಿಟಕಿಯಿಂದ ಸೂರ್ಯ ಕಾಣುತ್ತಿರುವಾಗ ಊಟ ಮಾಡಬಹುದೇ ಎಂದು ಒಬ್ಬರು ಕೇಳಿದ್ದರು. ಹತ್ತು ಕಿಲೋಮೀಟರ್ ಎತ್ತರದಲ್ಲಿ ಕೆಳಗಿನವರಿಗಿಂತ ಹತ್ತು ಹದಿನೈದು ನಿಮಿಷ ಹೆಚ್ಚು ಹೊತ್ತು ಸೂರ್ಯ ಕಾಣುತ್ತದೆ ಎಂಬುದು ನಿಜ. ನಿಯಮಕ್ಕೆ ಅದು ಆಗುತ್ತದೆಯೋ ಇಲ್ಲವೋ ಎಂಬುದನ್ನು ನೀವು ನಿಯಮ ತೆಗೆದುಕೊಂಡ ಮುನಿಗಳಲ್ಲೇ ಕೇಳಿ, ಕೊಬ್ಬರಿ ವ್ಯಾಪಾರಿಯನ್ನಲ್ಲ.

ಕೊಬ್ಬರಿ ಎಂದಾಗ ನೆನಪಾಯಿತು. ಅಷ್ಟದ್ರವ್ಯದ ಪೂಜೆಗೆಂದು ಮನೆಯಿಂದ ಒಣಕೊಬ್ಬರಿ ಕಟ್ಟಿಕೊಂಡು ಹೋಗುವವರಿದ್ದಾರೆ. ವಿಮಾನಕ್ಕೆ ಅದನ್ನು ಬಿಡುವುದಿಲ್ಲ. ಎಣ್ಣೆಯಂಶ ಹೆಚ್ಚಿರುವ ಒಣಕೊಬ್ಬರಿ ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಹುದೆಂದು ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಸೇರಿಸಿದ್ದಾರೆ. ಗೋದಾಮಿನಲ್ಲಿ ರಾಶಿ ಬಿಸಿಯಾಗುವುದನ್ನು ನೋಡಿದವನಾದ್ದರಿಂದ ನನಗೆ ಅದು ಅತಿಯೆನಿಸಲಿಲ್ಲ. ಪೂಜಾ ಸಾಮಗ್ರಿ ಮಧುಬನದಲ್ಲೇ ಸಿಗುತ್ತದೆ.

ಹೆಸರಿನ ಗೊಂದಲವೂ ಉಂಟು. ‘ಮಧುಬನ್’ ಎಂದು ಹಾಕಿದರೆ ಬಿಹಾರದ ಪೂರ್ವ ಚಂಪಾರಣ್ ಜಿಲ್ಲೆಯ ಮಧುಬನ್ ಬರಬಹುದು. ಚಿತ್ರಕಲೆಗೆ ಹೆಸರಾದ ಮಧುಬನಿ ಬೇರೆಯೇ ಜಿಲ್ಲೆ. ನಮಗೆ ಬೇಕಾದದ್ದು ಝಾರ್ಖಂಡ್ ರಾಜ್ಯದ ಗಿರಿಡೀಹ್ ಜಿಲ್ಲೆಯ ಮಧುಬನ್, ಬೆಟ್ಟದ ಬುಡದ ಊರು. ರೈಲು ನಿಲ್ದಾಣದ ಹೆಸರು ಪಾರಸನಾಥ್, ಅದು ಇರುವುದು ಇಸ್ರಿ ಬಜಾರ್‌ನಲ್ಲಿ, ಮಧುಬನದಿಂದ ಇಪ್ಪತ್ತು ಇಪ್ಪತ್ತೈದು ಕಿ.ಮೀ. ದೂರ. ರೈಲಿಳಿದ ಕೂಡಲೇ ಬೆಟ್ಟ ಹತ್ತುವುದು ಎಂದುಕೊಂಡವರಿಗೂ ಇದನ್ನು ಹೇಳಬೇಕಾಗುತ್ತದೆ.

ಬೇರೆ ದಾರಿಗಳಿಲ್ಲವೇ? ಇವೆ. ದೇವಘರದಲ್ಲಿ 2022ರ ಜುಲೈನಲ್ಲಿ ವಿಮಾನ ನಿಲ್ದಾಣ ಆರಂಭವಾಗಿದೆ. ಅಲ್ಲಿಂದ ಗಿರಿಡೀಹ್ ಮೇಲೆ ಮಧುಬನಕ್ಕೆ ರಾಂಚಿಗಿಂತ ರಸ್ತೆ ಕಡಿಮೆ. ಆದರೆ ಅಲ್ಲಿಗೆ ಬರುವ ವಿಮಾನಗಳು ರಾಂಚಿಯಷ್ಟಿಲ್ಲ. ಒಂದು ರದ್ದಾದರೆ ಇನ್ನೊಂದಕ್ಕೆ ಕಾಯಬೇಕು. ಕೊಲ್ಕತ್ತಾಗೆ ಹಾರಿ ಅಲ್ಲಿ ತಂಗಿ, ಬೆಳಿಗ್ಗೆ ಹೌರಾದಿಂದ ರೈಲು ಹಿಡಿದರೆ ಪಾರಸನಾಥ್ ನಿಲ್ದಾಣ ಸುಮಾರು 300 ಕಿ.ಮೀ. ದೆಹಲಿ ಹೌರಾ ನಡುವೆ ಗಯಾ, ಧನಬಾದ್ ಮೇಲೆ ಹೋಗುವ ಮುಖ್ಯ ಮಾರ್ಗದಲ್ಲೇ ಇದೆ. ಎಲ್ಲ ರೈಲೂ ಅಲ್ಲಿ ನಿಲ್ಲುವುದಿಲ್ಲ, ನೋಡಿಕೊಂಡು ಮಾಡಿಸಿ. ಹುಬ್ಬಳ್ಳಿ, ಗದಗ, ಬಳ್ಳಾರಿ ಕಡೆಯವರಿಗೆ ವಾಸ್ಕೋದಿಂದ ಜಸಿಡೀಹ್‌ಗೆ ವಾರಕ್ಕೊಮ್ಮೆ ಹೋಗುವ ರೈಲು ಧನಬಾದ್ ಮೇಲೆ ಹೋಗುತ್ತದೆ. ನಮ್ಮ ಕಡೆಯವರು ಬೆಂಗಳೂರಿನಿಂದ ಹಟಿಯಾ ರೈಲು ಹಿಡಿಯಬಹುದು, ಹಟಿಯಾ ಎಂದರೆ ರಾಂಚಿಯೇ. ಬೆಳಗೊಳಕ್ಕೆ 2017ರಿಂದ ಬೆಂಗಳೂರಿನ ನೇರ ರೈಲು ಮಾರ್ಗ ಇರುವುದರಿಂದ ಮನೆ ಬಾಗಿಲಿನಿಂದ ರೈಲಿನಲ್ಲೇ ಹೋಗಬಹುದು. ಹಣ ಕಡಿಮೆ, ಶುದ್ಧ ಅಡುಗೆ ಕಟ್ಟಿಕೊಂಡು ಹೋಗುವುದೂ ಸುಲಭ. ಸಮಯ ಇರುವವರಿಗೆ ನಾನು ಇದನ್ನೇ ಹೇಳುವುದು.

ವಿಮಾನದಲ್ಲೇ ಹೋಗುವುದಾದರೆ ನನ್ನ ಮಾತು ಇಷ್ಟು. ಹಿಂದಿನ ರಾತ್ರಿಯೇ ಬೆಂಗಳೂರಿಗೆ ಬಂದು ಬಂಧುಗಳ ಮನೆಯಲ್ಲೋ ಧರ್ಮಶಾಲೆಯಲ್ಲೋ ಇದ್ದು, ಬೆಳಗಿನ ಮೊದಲ ವಿಮಾನ ಹಿಡಿಯಿರಿ. ಮಧ್ಯಾಹ್ನಕ್ಕೆ ಮೊದಲು ರಾಂಚಿಯಲ್ಲಿ ಇಳಿಯುವ ಹಾಗಿರಬೇಕು. ಮಾಡಿಕೊಂಡು ಬಂದ ಬುತ್ತಿಯನ್ನು ದಾರಿಯಲ್ಲೇ ಉಂಡುಬಿಡಿ, ಮಧುಬನ ತಲುಪಿ ಉಣ್ಣುವೆನೆಂದು ಇಟ್ಟುಕೊಳ್ಳಬೇಡಿ. ಮಾರನೆಯ ದಿನ ಬೆಟ್ಟ ಹತ್ತಬೇಡಿ. ಕೆಳಗಿನ ಬಸದಿಗಳ ದರ್ಶನ ಮಾಡಿ, ಹೊಟ್ಟೆ ತುಂಬ ಉಂಡು, ಬೇಗ ಮಲಗಿ. ಬೆಟ್ಟ ಮೂರನೆಯ ದಿನಕ್ಕೆ. ಹತ್ತಲು 9 ಕಿ.ಮೀ., ಮೇಲೆ ಟೋಂಕುಗಳ ವಂದನೆಗೆ 9, ಇಳಿಯಲು 9, ಒಟ್ಟು 27 ಕಿ.ಮೀ. ಇಪ್ಪತ್ತು ತೀರ್ಥಂಕರರು ಮೋಕ್ಷಕ್ಕೆ ಹೋದ ಬೆಟ್ಟ. ಕೊನೆಯದಾಗಿ ಬರುವುದು ಪಾರ್ಶ್ವನಾಥ ಸ್ವಾಮಿಯ ಟೋಂಕು, ಅದೇ ಎಲ್ಲಕ್ಕಿಂತ ಎತ್ತರ. ಬಹಳ ಜನ ಮೇಲೆ ಆಹಾರ ತೆಗೆದುಕೊಳ್ಳುವುದಿಲ್ಲ, ಚಪ್ಪಲಿಯೂ ಹಾಕುವುದಿಲ್ಲ. ಹಿಂದಿನ ದಿನದ ಊಟ ನಿದ್ರೆಯ ಮೇಲೆಯೇ ನಡೆಯಬೇಕು. ವಾಪಸ್ ಟಿಕೆಟ್ಟನ್ನು ಐದನೆಯ ದಿನಕ್ಕಿಂತ ಮೊದಲು ಮಾಡಬೇಡಿ. ಹೆಚ್ಚಾದ ಎರಡು ದಿನದ ಖರ್ಚು ಧರ್ಮಶಾಲೆಯಲ್ಲಿ ದೊಡ್ಡದೇನಲ್ಲ.

ಪಾವಾಪುರಿ, ಚಂಪಾಪುರಿ ಸೇರಿಸಿಕೊಂಡು ಹೋಗುವವರೂ ಇದೇ ರೀತಿ ಲೆಕ್ಕ ಹಾಕಿಕೊಳ್ಳಬೇಕು. ನೇರ ಗೆರೆಯ ದೂರ ಸಿಕ್ಕರೆ ಅದಕ್ಕೆ ಮೂರನೇ ಒಂದು ಭಾಗ ಸೇರಿಸಿ, ಸುಮಾರಾಗಿ ರಸ್ತೆಯ ದೂರ ಬರುತ್ತದೆ. ಬೆಟ್ಟ, ನದಿ ಅಡ್ಡ ಇರುವ ಕಡೆ ಅರ್ಧದಷ್ಟು ಸೇರಿಸಿದರೂ ತಪ್ಪಿಲ್ಲ. ಬೆಳಗೊಳದಿಂದ ಶಿಖರ್ಜಿಗೂ ಹಾಗೆ ನೋಡಿದರೆ 1600ಕ್ಕೆ ರಸ್ತೆಯಲ್ಲಿ 2000 ಕಿ.ಮೀ. ಮೀರುತ್ತದೆ.

ಈ 2000 ಕಿ.ಮೀ. ಅನ್ನು ವಾಹನ ಹತ್ತದ ನಮ್ಮ ಮುನಿಸಂಘಗಳು ನಡೆದೇ ಹೋಗುತ್ತವೆ. ದಿನಕ್ಕೆ 15 ಕಿ.ಮೀ. ವಿಹಾರ ಎಂದರೆ 133 ದಿನ, 20 ಎಂದರೆ 100 ದಿನ. ಚಾತುರ್ಮಾಸದ ನಾಲ್ಕು ತಿಂಗಳು ನಿಂತಲ್ಲೇ ಇರಬೇಕಾದ್ದರಿಂದ ಉಳಿದ ಎಂಟು ತಿಂಗಳಲ್ಲಿ ಇದನ್ನು ಕೂಡಿಸಬೇಕು. ಭದ್ರಬಾಹು ಮುನಿಗಳ ಸಂಘ ಉತ್ತರದಿಂದ ಕಳ್ವಪ್ಪು ಬೆಟ್ಟಕ್ಕೆ ಬಂತೆಂದು ನಮ್ಮ ಪರಂಪರೆ ಹೇಳುವಾಗಲೂ ಆ ದೂರ ಹೆಜ್ಜೆಯಲ್ಲೇ ಅಳೆದದ್ದು. ಸಂಘದ ಜೊತೆ ಚೌಕದ ವ್ಯವಸ್ಥೆಗೆ ಹೋಗುವ ಶ್ರಾವಕರು ಇಂದು ಎಲ್ಲಿ ಬಿಡಾರ, ನಾಳೆ ಎಲ್ಲಿ ಆಹಾರ ಎಂದು ಊರೂರಿನ ರಸ್ತೆ ದೂರ ಬರೆದ ಪಟ್ಟಿ ಇಟ್ಟುಕೊಂಡಿರುತ್ತಾರೆ. ನಾನು ನೋಡಿದ ದೂರದ ಪಟ್ಟಿಗಳಲ್ಲಿ ಅತ್ಯಂತ ನಿಖರವಾದದ್ದು ಅದೇ. ಅದರಲ್ಲಿ ಪ್ರತಿ ಊರಿನ ಮುಂದೆ ಸೂರ್ಯೋದಯ, ಸೂರ್ಯಾಸ್ತವನ್ನೂ ಬರೆದಿರುತ್ತಾರೆ. ಈಗ ನಮ್ಮ ತಂಡದ ಹಾಳೆಯಲ್ಲೂ ಅದೊಂದು ಕಾಲಂ ಸೇರಿಸಿದ್ದೇವೆ. ಟಿಕೆಟ್ ಮಾಡಿಸುವವರು ಮೊದಲು ಆ ಕಾಲಂ ನೋಡಿ, ಆಮೇಲೆ ವಿಮಾನದ ಸಮಯ ನೋಡುತ್ತಾರೆ.